ತಂತಿಯ ಕೆಳಗಿನ ನೆಲ: ಒಡೆತನ, ಬಳಕೆ ಮತ್ತು ದಾರಿಯ ಹಕ್ಕು

ಖಾಸಗಿ ಜಮೀನಿನ ಮೇಲೆ ವಿದ್ಯುತ್ ಪ್ರಸರಣ ಮಾರ್ಗ ಹಾದುಹೋದಾಗ, ಇಲ್ಲವೇ ಅದರ ಅಡಿಯಲ್ಲಿ ಅನಿಲದ ಕೊಳವೆಯನ್ನು ಹೂತಾಗ, ಆ ಪಟ್ಟಿಯಷ್ಟು ನೆಲದಲ್ಲಿ ಮಾಲೀಕನಿಗೆ ಉಳಿಯುವುದೇನು, ಮಾರ್ಗ ಹಾಕಿದ ಸಂಸ್ಥೆಗೆ ಸಲ್ಲುವುದೇನು, ಊರಿನ ಜನ ಅಲ್ಲಿ ಓಡಾಡಬಹುದೇ ಎಂಬ ಮೂರು ಪ್ರಶ್ನೆಗಳು ಕರ್ನಾಟಕದ ಹಳ್ಳಿಗಳಲ್ಲಿ ಒಂದರೊಳಗೊಂದು ಸಿಕ್ಕಿಕೊಂಡಿವೆ. ಅವುಗಳನ್ನು ಬಿಡಿಸಿ ನೋಡಲೆಂದು ಈ ಸಂವಾದವನ್ನು ರೂಪಿಸಲಾಗಿದೆ. ಮಾತನಾಡುವವರಲ್ಲಿ ಒಬ್ಬರು ತುಮಕೂರು ಸೀಮೆಯ ತೆಂಗು ಬೆಳೆಗಾರರು, ವಯಸ್ಸಿನಲ್ಲಿ ಹಿರಿಯರು. ಇನ್ನೊಬ್ಬರು ಜಿಲ್ಲಾ ನ್ಯಾಯಾಲಯದಲ್ಲಿ ಜಮೀನಿನ ದಾವೆಗಳನ್ನು ನಡೆಸುವ ವಕೀಲರು.

ಬೆಳೆಗಾರರು: ವಕೀಲರೇ, ಮೊದಲು ಒಡೆತನದ ಮಾತು ಇತ್ಯರ್ಥವಾಗಲಿ. 220 ಕಿಲೋವೋಲ್ಟ್ ಮಾರ್ಗ ತೋಟದ ಮೇಲೆ ಹಾದರೆ 35 ಮೀಟರ್ ಅಗಲದ ಪಟ್ಟಿಯಲ್ಲಿ ತೆಂಗಿನ ಮರ ನಿಲ್ಲುವಂತಿಲ್ಲ, ಮನೆ ಏಳುವಂತಿಲ್ಲ. ಆದರೂ ಪಹಣಿಯಲ್ಲಿ ರೈತನ ಹೆಸರೇ ಇರುತ್ತದೆ, ಕಂದಾಯವನ್ನೂ ಅವನೇ ಕಟ್ಟುತ್ತಾನೆ. ಹಾಗಾದರೆ ಆ ನೆಲ ಯಾರದು?

ವಕೀಲರು: ರೈತನದೇ, ಯಜಮಾನರೇ. ಒಬ್ಬರ ಸ್ವತ್ತನ್ನು ಇನ್ನೊಬ್ಬರು ಒಂದು ಗೊತ್ತಾದ ಉದ್ದೇಶಕ್ಕೆ ಮಾತ್ರ ಬಳಸುವ ಹಕ್ಕಿಗೆ ಈಸ್‌ಮೆಂಟ್, ಅಂದರೆ ಅನುಭೋಗದ ಹಕ್ಕು, ಎಂದು ಹೆಸರು. 1882ರ ಈಸ್‌ಮೆಂಟ್ ಕಾಯ್ದೆಯ 4ನೆಯ ಕಲಂ ಪ್ರಕಾರ ಅದಕ್ಕೆ ಎರಡು ಸ್ವತ್ತುಗಳು ಬೇಕು. ಒಂದು ಸ್ವತ್ತಿನ ಅನುಭವಕ್ಕಾಗಿ ಇನ್ನೊಂದು ಸ್ವತ್ತು ಭಾರ ಹೊರುತ್ತದೆ, ಹಿಂದಿನ ಹೊಲದವನು ತನ್ನ ಹೊಲ ಸೇರಲು ಮುಂದಿನ ಹೊಲದ ಬದುವಿನ ಮೇಲೆ ನಡೆಯುವುದು ಇದರ ಸರಳ ನಿದರ್ಶನ. ವಿದ್ಯುತ್ ಮಾರ್ಗದ ಹಕ್ಕು ಗುಣದಲ್ಲಿ ಇದಕ್ಕೆ ಹತ್ತಿರವಾದರೂ ಅದು ಹುಟ್ಟಿದ್ದು ಬೇರೆ ಕಾಯ್ದೆಯಲ್ಲಿ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 164ನೆಯ ಕಲಂ ಪ್ರಕಾರ ಸರ್ಕಾರವು ಪ್ರಸರಣ ಸಂಸ್ಥೆಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರಗಳನ್ನು ವಹಿಸಿಕೊಡಬಹುದು. 2023ರ ದೂರಸಂಪರ್ಕ ಕಾಯ್ದೆ ಆ ಹಳೆಯ ಕಾಯ್ದೆಯನ್ನು ರದ್ದುಪಡಿಸಿದ್ದರೂ ಪ್ರಸರಣ ಮಾರ್ಗಗಳ ಮಟ್ಟಿಗೆ ಅದರ ಮೂರನೆಯ ಭಾಗವನ್ನು ಉಳಿಸಿಕೊಂಡಿದೆ. ಆ ಭಾಗದಲ್ಲಿರುವ 10ನೆಯ ಕಲಂ, ತಂತಿ ಅಥವಾ ಕಂಬ ಹಾಕುವವರಿಗೆ ಬಳಕೆಯ ಹಕ್ಕನ್ನು ಬಿಟ್ಟು ಆ ಸ್ವತ್ತಿನಲ್ಲಿ ಬೇರಾವ ಹಕ್ಕೂ ಬರುವುದಿಲ್ಲವೆಂದು ಖಚಿತವಾಗಿ ಹೇಳುತ್ತದೆ. ಸಾಧ್ಯವಾದಷ್ಟು ಕಡಿಮೆ ಹಾನಿ ಮಾಡಬೇಕು, ಆದ ಹಾನಿಗೆ ಆ ಸ್ವತ್ತಿನಲ್ಲಿ ಹಿತಾಸಕ್ತಿಯುಳ್ಳ ಎಲ್ಲರಿಗೂ ಪೂರ್ಣ ಪರಿಹಾರ ಕೊಡಬೇಕು ಎಂದೂ ವಿಧಿಸುತ್ತದೆ.

ಬೆಳೆಗಾರರು: ಬಳಕೆಯ ಹಕ್ಕಷ್ಟೇ ಆದರೆ ಒಡೆಯನ ಒಪ್ಪಿಗೆ ಕೇಳಬೇಕಲ್ಲವೇ? ಸರ್ವೆ ಮಾಡುವವರು ಬಂದು ಕಲ್ಲು ನೆಟ್ಟ ಮೇಲೆಯೇ ಮಾರ್ಗ ಬರುವ ಸಂಗತಿ ರೈತನಿಗೆ ತಿಳಿಯುವುದು ಅಪರೂಪವಲ್ಲ.

ವಕೀಲರು: ಇಲ್ಲಿ ಕಾನೂನು ರೈತನ ಪರವಾಗಿ ಗಟ್ಟಿಯಾಗಿ ನಿಂತಿಲ್ಲ. ಪರವಾನಗಿದಾರರ ಕಾಮಗಾರಿಗಳ ಬಗ್ಗೆ 2006ರಲ್ಲಿ ಬಂದ ನಿಯಮಗಳು ಮಾಲೀಕನ ಇಲ್ಲವೇ ಅನುಭವದಾರನ ಪೂರ್ವಾನುಮತಿ ಬೇಕೆನ್ನುತ್ತವೆ, ಅವನು ಆಕ್ಷೇಪಿಸಿದರೆ ಜಿಲ್ಲಾಧಿಕಾರಿಯ ಅನುಮತಿ ಪಡೆಯಬೇಕೆನ್ನುತ್ತವೆ. ಆದರೆ 164ನೆಯ ಕಲಮಿನ ಅಧಿಕಾರ ಪಡೆದ ಸಂಸ್ಥೆಗೆ ಈ ಪೂರ್ವಾನುಮತಿಯ ಅಗತ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2016ರ ಕೊನೆಯಲ್ಲಿ ಛತ್ತೀಸ್‌ಗಢದ ಸುಣ್ಣಕಲ್ಲು ಗಣಿ ಪ್ರದೇಶದ ಮೇಲೆ ಹಾದ ಮಾರ್ಗದ ಪ್ರಕರಣದಲ್ಲಿ ತೀರ್ಪಿತ್ತಿತು. ಹೀಗಾಗಿ ದೊಡ್ಡ ಪ್ರಸರಣ ಮಾರ್ಗಗಳ ವಿಷಯದಲ್ಲಿ ರೈತನ ಒಪ್ಪಿಗೆಗೆ ಕಾನೂನಿನ ತೂಕ ಬಹಳ ಕಡಿಮೆ. ಅವನು ಕೆಲಸಕ್ಕೆ ಅಡ್ಡ ನಿಂತರೆ ಸಂಸ್ಥೆ ಜಿಲ್ಲಾಧಿಕಾರಿಯ ಆದೇಶ ತರಬಹುದು, ಆ ಆದೇಶವನ್ನೂ ಮೀರಿ ತಡೆದರೆ ಅದು ದಂಡನೀಯ ಅಪರಾಧವಾಗುತ್ತದೆ. ರೈತನಿಗೆ ನಿಜವಾದ ಬಲವಿರುವುದು ಪರಿಹಾರದ ಪ್ರಶ್ನೆಯಲ್ಲಿ; ಕೊಟ್ಟದ್ದು ಸಾಲದೆಂದಾದರೆ ಟೆಲಿಗ್ರಾಫ್ ಕಾಯ್ದೆಯ 16ನೆಯ ಕಲಂ ಅಡಿಯಲ್ಲಿ ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ ಹಾಕಬಹುದು.

ಬೆಳೆಗಾರರು: ಆ ಪರಿಹಾರದ ಲೆಕ್ಕವನ್ನು ಒಂದು ತೋಟದ ಮೇಲಿಟ್ಟು ನೋಡೋಣ. ಇನ್ನೂರು ಮೀಟರ್ ಉದ್ದದ ತೋಟದ ಮೇಲೆ 35 ಮೀಟರ್ ಪಟ್ಟಿ ಹಾದರೆ 7,000 ಚದರ ಮೀಟರ್, ಅಂದರೆ 1 ಎಕರೆ 29 ಗುಂಟೆ ಹೋಯಿತು. ಮೂವತ್ತು ಅಡಿಗೊಂದರಂತೆ ನೆಟ್ಟ ತೋಟದಲ್ಲಿ ಎಕರೆಗೆ 48 ಮರ ಹಿಡಿಯುತ್ತವೆ. ಹಾಗಾಗಿ ಈ ಪಟ್ಟಿಯೊಂದರಲ್ಲೇ 80ಕ್ಕೂ ಹೆಚ್ಚು ಮರ ಉರುಳುತ್ತವೆ. ಆಮೇಲೆ ಅಲ್ಲಿ ರಾಗಿ, ಹುರುಳಿ ಬಿತ್ತಬಹುದು, ನಿಜ. ಆದರೆ ಮೂರು ತಲೆಮಾರು ಕಾಯಿ ಕೊಡಬಲ್ಲ ತೋಟವಾಗಿದ್ದ ನೆಲ ಮಳೆ ನೋಡಿಕೊಂಡು ಬಿತ್ತುವ ಹೊಲವಾಗುತ್ತದೆ. ಕಡಿದ ಮರಕ್ಕೆ ಬೆಲೆ ಕಟ್ಟಿ ಕೊಟ್ಟರೆ ಆ ಬದಲಾವಣೆಗೆ ಬೆಲೆ ಕಟ್ಟಿದಂತಾಯಿತೇ?

ವಕೀಲರು: ಆಗಲಿಲ್ಲ, ನ್ಯಾಯಾಲಯವೂ ಆಯಿತೆಂದು ಹೇಳಿಲ್ಲ. ಕೇರಳ ರಾಜ್ಯ ವಿದ್ಯುಚ್ಛಕ್ತಿ ಮಂಡಳಿಯ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಕೊಟ್ಟ ತೀರ್ಪು ಇಲ್ಲಿ ಮುಖ್ಯವಾಗುತ್ತದೆ. ಜಮೀನು ಎಲ್ಲಿದೆ, ತಂತಿ ಅದರಿಂದ ಎಷ್ಟು ದೂರದಲ್ಲಿದೆ, ಅಂಚಿನಲ್ಲಿ ಹಾದಿದೆಯೋ ನಟ್ಟನಡುವೆ ಸೀಳಿದೆಯೋ, ಮಾಲೀಕನು ಮುಂದೆ ಆ ಜಮೀನನ್ನು ಯಾವ ಉದ್ದೇಶಕ್ಕೆ ಬಳಸಬಹುದಾಗಿತ್ತೋ ಆ ಅವಕಾಶ ಎಷ್ಟು ಕುಂದಿತು ಎಂಬುದನ್ನೆಲ್ಲ ತೂಗಿ ಪರಿಹಾರ ಗೊತ್ತುಮಾಡಬೇಕೆಂದು ಅದು ಹೇಳಿತು. ಎಲ್ಲ ಜಮೀನಿಗೂ ಒಂದೇ ಸೂತ್ರ ಹಚ್ಚಲಾಗದು ಎಂಬುದು ಅದರ ತಿರುಳು. ಆಡಳಿತದ ಕಡೆಯಿಂದಲೂ ಬದಲಾವಣೆಯಾಗಿದೆ. ಕೇಂದ್ರ ವಿದ್ಯುತ್ ಸಚಿವಾಲಯವು 2015ರಲ್ಲಿ ಗೋಪುರದ ಬುಡದ ನೆಲಕ್ಕೆ ಜಮೀನಿನ ಮೌಲ್ಯದ ಶೇ. 85, ತಂತಿಯ ಪಟ್ಟಿಗೆ ಹೆಚ್ಚೆಂದರೆ ಶೇ. 15 ಎಂದು ಸೂಚಿಸಿದ್ದನ್ನು 2024ರ ಜೂನ್‌ನಲ್ಲಿ ಪರಿಷ್ಕರಿಸಿ ಕ್ರಮವಾಗಿ ಶೇ. 200 ಮತ್ತು ಶೇ. 30ಕ್ಕೆ ಏರಿಸಿತು. ಇವು ಮಾರ್ಗಸೂಚಿಗಳು, ಕಾಯ್ದೆಯಲ್ಲ. ರಾಜ್ಯದೊಳಗಿನ ಮಾರ್ಗಗಳಿಗೆ ಎಷ್ಟರಮಟ್ಟಿಗೆ ಅನ್ವಯಿಸಬೇಕೆಂಬುದು ರಾಜ್ಯ ಸರ್ಕಾರದ ಕೈಯಲ್ಲಿದೆ.

ಬೆಳೆಗಾರರು: ತುಮಕೂರು ಜಿಲ್ಲೆಯಲ್ಲೇ ಇರುವ ಪಾವಗಡದ ಕಡೆ ತಿರುಗಿ ನೋಡಿ. ತಿರುಮಣಿ, ವಳ್ಳೂರು ಮುಂತಾದ ಐದು ಗ್ರಾಮಗಳ ರೈತರು ಸೌರ ಉದ್ಯಾನಕ್ಕೆ ಜಮೀನನ್ನು ಮಾರಲಿಲ್ಲ, 28 ವರ್ಷದ ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆ. ಮೊಬೈಲ್ ಟವರ್‌ಗೆ ನಾಲ್ಕು ಗುಂಟೆ ಕೊಟ್ಟವನಿಗೂ ಬಾಡಿಗೆ ಬರುತ್ತದೆ. ಪಾವಗಡದಲ್ಲಿ ಹುಟ್ಟಿದ ವಿದ್ಯುತ್ತು ಹೊರಗೆ ಹೋಗಬೇಕಾದರೆ ಯಾರದೋ ಹೊಲದ ಮೇಲೆ ತಂತಿ ಹಾಯಲೇಬೇಕು. ಹುಟ್ಟುವ ಜಾಗದ ರೈತನಿಗೆ ವರ್ಷವರ್ಷವೂ ಹಣ, ಹಾದುಹೋಗುವ ಜಾಗದ ರೈತನಿಗೆ ಒಂದೇ ಸಲ. ಇದನ್ನು ನ್ಯಾಯವೆನ್ನಲು ಸಾಧ್ಯವೇ?

ವಕೀಲರು: ಗುತ್ತಿಗೆ ಎನ್ನುವುದು ಒಪ್ಪಂದ, ಅಲ್ಲಿ ರೈತನಿಗೆ ಒಲ್ಲೆನೆನ್ನುವ ಸ್ವಾತಂತ್ರ್ಯವಿತ್ತು, ಆ ಸ್ವಾತಂತ್ರ್ಯವೇ ಬಾಡಿಗೆಯನ್ನು ಗೊತ್ತುಮಾಡಿತು. ಬಳಕೆಯ ಹಕ್ಕಿನಲ್ಲಿ ಆ ಸ್ವಾತಂತ್ರ್ಯವಿಲ್ಲ, ಆದ್ದರಿಂದ ಚೌಕಾಸಿಗೂ ಎಡೆಯಿಲ್ಲ. ವರ್ಷಾವಧಿ ಪಾವತಿಯನ್ನು ಕಾಯ್ದೆಯಲ್ಲಿ ತರುವುದು ಶಾಸಕಾಂಗದ ಕೆಲಸ, ಅದನ್ನು ತಡೆಯುವ ತತ್ತ್ವ ಯಾವುದೂ ಕಾಣುವುದಿಲ್ಲ.

ಈ ಕೊನೆಯ ಮಾತಿಗೆ ಸ್ವಲ್ಪ ಒತ್ತು ಕೊಡಬೇಕಾಗಿದೆ. ಸಂವಿಧಾನದ 44ನೆಯ ತಿದ್ದುಪಡಿಯ ನಂತರ ಆಸ್ತಿಯ ಹಕ್ಕು ಮೂಲಭೂತ ಹಕ್ಕಾಗಿ ಉಳಿಯದೆ 300-ಎ ವಿಧಿಯ ಕಾನೂನುಬದ್ಧ ಹಕ್ಕಾಗಿದೆ. ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಸಿದುಕೊಳ್ಳುವಂತಿಲ್ಲ. ನೆಲವನ್ನು ಸ್ವಾಧೀನಪಡಿಸಿಕೊಳ್ಳದೆ ಅದರ ಬಳಕೆಯನ್ನು ಮಾತ್ರ ಪಡೆಯುವ ಪದ್ಧತಿ ಸರ್ಕಾರಕ್ಕೆ ಅಗ್ಗ, ರೈತನಿಗೂ ಮೇಲುನೋಟಕ್ಕೆ ಹಿತವೇ, ಏಕೆಂದರೆ ಅವನು ಭೂಹೀನನಾಗುವುದಿಲ್ಲ. ಆದರೆ ಒಡೆತನದ ಹೊಣೆಯೆಲ್ಲ ಅವನಲ್ಲೇ ಉಳಿದು ಫಲ ಮಾತ್ರ ಕುಗ್ಗುವ ಈ ಸ್ಥಿತಿಯನ್ನು ಪೂರ್ಣ ಪರಿಹಾರ ಎಂಬ ಮಾತಿಗೆ ಸರಿಹೊಂದಿಸುವುದು ಕಷ್ಟ. ಕೊಳವೆಗಳ ವಿಷಯದಲ್ಲಂತೂ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ಬೆಳೆಗಾರರು: ದಾಭೋಲ್‌ನಿಂದ ಬೆಂಗಳೂರಿಗೆ ಬಂದ ಅನಿಲದ ಕೊಳವೆ, ಮಂಗಳೂರಿನಿಂದ ಹಾಸನದ ಮೇಲೆ ಬಂದ ತೈಲದ ಕೊಳವೆ, ಇವುಗಳಿಗೂ ಇದೇ ಕಾಯ್ದೆಯೇ?

ವಕೀಲರು: ಅಲ್ಲ, 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆಮಾರ್ಗಗಳ ಕಾಯ್ದೆ. ಅಧಿಸೂಚನೆ ಹೊರಟ ಮೇಲೆ ಆಕ್ಷೇಪಣೆಗೆ 21 ದಿನಗಳ ಅವಕಾಶವಿರುತ್ತದೆ. ಅಲ್ಲಿಗೆ ಎಚ್ಚೆತ್ತುಕೊಳ್ಳದಿದ್ದರೆ ಮುಂದೆ ಕೇಳುವವರಿಲ್ಲ. ಅಧಿಸೂಚನೆಯ ದಿನಕ್ಕೆ ವಾಸದ ಮನೆಯಿದ್ದ ನೆಲ, ಮನೆಗೆ ಸೇರಿದ ಹಿತ್ತಿಲು, ಕಾಯಂ ಕಟ್ಟಡವಿದ್ದ ಜಾಗ ಇವುಗಳ ಅಡಿಯಲ್ಲಿ ಕೊಳವೆ ಹೂಳುವಂತಿಲ್ಲ, ಒಂದು ಮೀಟರ್‌ಗಿಂತ ಕಡಿಮೆ ಆಳದಲ್ಲಿಯೂ ಹೂಳುವಂತಿಲ್ಲ. ಹೂತ ಮೇಲೆ ರೈತ ಮೊದಲಿನಂತೆ ಉಳುಮೆ ಮಾಡಬಹುದು, ಆದರೆ 9ನೆಯ ಕಲಂ ಪ್ರಕಾರ ಕಟ್ಟಡ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಬೆಳೆಗೆ, ಮರಕ್ಕೆ ಆದ ಹಾನಿಯ ಜೊತೆಗೆ ಬಳಕೆಯ ಹಕ್ಕಿಗಾಗಿ ಕಾಯ್ದೆ ಗೊತ್ತುಮಾಡಿರುವುದು ಅಧಿಸೂಚನೆಯ ದಿನದ ಮಾರುಕಟ್ಟೆ ಬೆಲೆಯ ಶೇ. 10.

ಬೆಳೆಗಾರರು: ಮರ ನೆಡುವಂತಿಲ್ಲ, ಬಾವಿ ತೋಡುವಂತಿಲ್ಲ, ಮನೆ ಕಟ್ಟುವಂತಿಲ್ಲವೆಂದರೆ ತೋಟದವನ ಪಾಲಿಗೆ ಉಳಿದದ್ದು ಹತ್ತನೆಯ ಒಂದು ಪಾಲು, ಹೋದದ್ದು ಒಂಬತ್ತು. ಕಾಯ್ದೆ ಲೆಕ್ಕವನ್ನು ತಲೆಕೆಳಗು ಮಾಡಿದೆ.

ವಕೀಲರು: ರಾಗಿ ಹೊಲದವನಿಗೆ ಹಾಗಲ್ಲ, ತೋಟದವನಿಗೆ ಹಾಗೆಯೇ. ಇಬ್ಬರಿಗೂ ಒಂದೇ ಶೇಕಡಾವಾರು ಇಟ್ಟದ್ದು ಕಾಯ್ದೆಯ ದೋಷವೆನ್ನುವುದರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯಿಲ್ಲ.

ಬೆಳೆಗಾರರು: ಇನ್ನು ದಾರಿಯ ಮಾತು. ಗೋಪುರ ನಿಲ್ಲಿಸಲು ಬರುವ ಗುತ್ತಿಗೆದಾರ ಜೆಸಿಬಿಯಿಂದ ಬದು ಸಮ ಮಾಡಿ ಒಂದು ಮಣ್ಣಿನ ದಾರಿ ಮಾಡುತ್ತಾನೆ. ಕೆಲಸ ಮುಗಿದು ಅವನು ಹೋದರೂ ದಾರಿ ಉಳಿಯುತ್ತದೆ. ಮೊದಲು ಪಕ್ಕದವನ ಟ್ರ್ಯಾಕ್ಟರ್, ಆಮೇಲೆ ಹಾಲಿನ ಡೇರಿಗೆ ಹೋಗುವ ಬೈಕು, ಕೊನೆಗೆ ರಾತ್ರಿ ಹೊತ್ತು ಮರಳಿನ ಗಾಡಿ. ಬೇಲಿ ಹಾಕಹೋದರೆ, ಇದು ಕರೆಂಟಿನವರ ಜಾಗ, ಕೇಳಲು ನೀನು ಯಾರು ಎನ್ನುತ್ತಾರೆ. ಅದು ಸಾರ್ವಜನಿಕ ದಾರಿಯಾಗಿಬಿಡುತ್ತದೆಯೇ?

ವಕೀಲರು: ಆಗುವುದಿಲ್ಲ, ಮತ್ತು ಈ ಪ್ರಶ್ನೆಯಲ್ಲಿ ಕಾನೂನು ಜನ ತಿಳಿದಿರುವುದಕ್ಕಿಂತ ಹೆಚ್ಚು ಸ್ಪಷ್ಟವಾಗಿದೆ. ಸಂಸ್ಥೆಗೆ ಸಿಕ್ಕಿರುವುದು ಮಾರ್ಗವನ್ನು ಹಾಕುವ, ನೋಡಿಕೊಳ್ಳುವ, ದುರಸ್ತಿ ಮಾಡುವ ಸಲುವಾಗಿ ಒಳಬರುವ ಹಕ್ಕು ಮಾತ್ರ. ತನ್ನಲ್ಲಿಲ್ಲದ ಹಕ್ಕನ್ನು ಅದು ಊರಿಗೆ ದಾಟಿಸಲಾರದು. ಆದ್ದರಿಂದ ಲೈನ್‌ಮನ್ ಬಂದಾಗ ಗೇಟು ತೆಗೆಯಲು ರೈತ ಬದ್ಧನೇ ಹೊರತು ದಾರಿಹೋಕನಿಗೆ ತೆಗೆಯಲು ಬದ್ಧನಲ್ಲ, ಆ ಪಟ್ಟಿಗೆ ಬೇಲಿ ಹಾಕುವುದೂ ಅವನ ಹಕ್ಕು. ಸಾರ್ವಜನಿಕ ದಾರಿ ಹುಟ್ಟುವ ಬಗೆಯೇ ಬೇರೆ. ಕರ್ನಾಟಕ ಭೂಕಂದಾಯ ಕಾಯ್ದೆಯ 67ನೆಯ ಕಲಂ ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿಗಳು ರಾಜ್ಯ ಸರ್ಕಾರದ ಸ್ವತ್ತೆಂದು ಹೇಳುತ್ತದೆ. ಯಾವುದು ಅಂಥ ದಾರಿ ಎಂಬುದನ್ನು ತಿಳಿಯಲು ಗ್ರಾಮ ನಕಾಶೆಯಲ್ಲಿ ಚುಕ್ಕೆಗೆರೆಗಳಿಂದ ಗುರುತಿಸಿದ ಬಂಡಿದಾರಿ, ಕಾಲುದಾರಿಗಳನ್ನು ನೋಡಬೇಕು, ಪಹಣಿಯಲ್ಲಿ ಖರಾಬಿನ ಲೆಕ್ಕವನ್ನು ನೋಡಬೇಕು.

ಬೆಳೆಗಾರರು: ಖರಾಬಿನಲ್ಲಿ ಎರಡು ಬಗೆ ಬರೆಯುತ್ತಾರಲ್ಲ?

ವಕೀಲರು: ಹೌದು. 1966ರ ಭೂಕಂದಾಯ ನಿಯಮಗಳ 21ನೆಯ ನಿಯಮ ಅದನ್ನು ವಿಂಗಡಿಸಿದೆ. ಸರ್ವೆಯ ಕಾಲಕ್ಕೆ ಸಾಗುವಳಿಗೆ ಯೋಗ್ಯವಲ್ಲವೆಂದು ಬಿಟ್ಟ ಬಂಡೆ, ಕಣ, ಹೊಲದ ಕೊಟ್ಟಿಗೆಯ ಜಾಗ ಮುಂತಾದವು ಅ ಖರಾಬು, ಅವು ಹಿಡುವಳಿದಾರನವೇ. ರಸ್ತೆ, ಒಪ್ಪಿತ ಕಾಲುದಾರಿ, ಹಿಡುವಳಿದಾರನಲ್ಲದೆ ಇತರರೂ ನೀರು ಬಳಸುವ ಕೆರೆ ಅಥವಾ ಹಳ್ಳ, ಸ್ಮಶಾನ ಇವುಗಳಿಗಾಗಿ ಕಂದಾಯದಿಂದ ಹೊರಗಿಟ್ಟದ್ದು ಬ ಖರಾಬು. ಸರ್ವೆ ನಂಬರಿನ ಒಳಗಿದ್ದರೂ ಅದು ಜನರದು. ಬ ಖರಾಬಿನ ದಾರಿಯನ್ನು ಉತ್ತು ಹೊಲಕ್ಕೆ ಸೇರಿಸಿಕೊಂಡವನಿಗೆ ಬೇಲಿಯ ಹಕ್ಕಿಲ್ಲ, ಎಷ್ಟೇ ವರ್ಷ ಉತ್ತಿರಲಿ. ತಂತಿಯ ಕೆಳಗಿನ ಪಟ್ಟಿ ಬ ಖರಾಬಲ್ಲ, ಅದು ಕಂದಾಯಕ್ಕೆ ಒಳಪಟ್ಟ ಸ್ವಂತ ಹಿಡುವಳಿ.

ಬೆಳೆಗಾರರು: ಹಾಗಾದರೆ ಇಪ್ಪತ್ತು ವರ್ಷ ನಡೆದರೆ ದಾರಿ ಖಾಯಂ ಎಂಬ ಮಾತು ಊರೆಲ್ಲ ಓಡಾಡುತ್ತಿದೆಯಲ್ಲ, ಅದು ಸುಳ್ಳೇ?

ವಕೀಲರು: ಅರ್ಧ ನಿಜ. ಈಸ್‌ಮೆಂಟ್ ಕಾಯ್ದೆಯ 15ನೆಯ ಕಲಂ ಪ್ರಕಾರ, ಒಬ್ಬನು ತನ್ನ ಜಮೀನಿಗೆ ಹೋಗಲು ಇನ್ನೊಬ್ಬನ ಜಮೀನಿನಲ್ಲಿ ಶಾಂತವಾಗಿ, ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕಿನಿಂದ ಎಂಬಂತೆ 20 ವರ್ಷ ನಡೆದಿದ್ದು, ಆ ಅವಧಿ ಮುಗಿದ ಎರಡು ವರ್ಷದೊಳಗೆ ದಾವೆ ಹೂಡಿದರೆ, ಅವನಿಗೆ ದಾರಿಯ ಹಕ್ಕು ಸಿಗಬಹುದು. ಆದರೆ ಅದು ಅವನ ಜಮೀನಿಗೆ ಅಂಟಿದ ಹಕ್ಕು, ಊರಿನದಲ್ಲ. ಅದನ್ನು ಆಧರಿಸಿ ಮರಳಿನ ಗಾಡಿಯವನು ನುಗ್ಗುವಂತಿಲ್ಲ. ಕೇಳಿ ನಡೆದವನು ಎಷ್ಟು ವರ್ಷ ನಡೆದರೂ ಅವನಿಗೆ ಹಕ್ಕು ಹುಟ್ಟುವುದಿಲ್ಲ, ಏಕೆಂದರೆ ಅದು 52ನೆಯ ಕಲಂ ಹೇಳುವ ಅನುಮತಿ; ಸಾಮಾನ್ಯವಾಗಿ ಕೊಟ್ಟವನು ಅದನ್ನು ಹಿಂಪಡೆಯಬಹುದು. ಕೊಯ್ಲಾದ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ಮಂದೆ ನಿಲ್ಲಿಸಿಕೊಂಡವನು ಕುರಿಗಾರನಿಗೆ ಹೊಲ ಬರೆದುಕೊಟ್ಟಂತಾಗುವುದಿಲ್ಲವಲ್ಲ, ಇದೂ ಹಾಗೆಯೇ. ಆದುದರಿಂದ ನೆರೆಯವನಿಗೆ ದಾರಿ ಬಿಡಲು ಮನಸ್ಸಿರುವ ರೈತ ಒಂದು ಹಾಳೆಯ ಮೇಲೆ ಅನುಮತಿಯೆಂದು ಬರೆದು ಇಬ್ಬರ ಸಹಿ ಹಾಕಿಸಿಟ್ಟುಕೊಳ್ಳುವುದು ಲೇಸು. ನೆರೆಹೊರೆಯೂ ಉಳಿಯುತ್ತದೆ, ಹೊಲವೂ ಉಳಿಯುತ್ತದೆ.

ಬೆಳೆಗಾರರು: ಇದರಲ್ಲಿ ಇನ್ನೊಂದು ಮಗ್ಗುಲಿದೆ, ವಕೀಲರೇ. ಹಿಂದೆ ಬದುವಿನ ಮೇಲೆ ಯಾರು ನಡೆದರೂ ಕೇಳುತ್ತಿರಲಿಲ್ಲ. ಈಗ ಪಾಲಾಗಿ ಪಾಲಾಗಿ ಹಿಸ್ಸೆಗಳು ಸಣ್ಣವಾಗಿವೆ, ಎಲ್ಲ ಕಡೆ ಮುಳ್ಳುತಂತಿ ಬಿದ್ದಿದೆ. ಹಿಂದಿನ ಹೊಲದವನಿಗೆ ಗೊಬ್ಬರದ ಗಾಡಿ ಒಯ್ಯಲು, ಕೂಲಿಯವರಿಗೆ ಬರಲು, ಮಕ್ಕಳಿಗೆ ಶಾಲೆಗೆ ಹೋಗಲು ದಾರಿಯಿಲ್ಲ. ತಂತಿಯ ಕೆಳಗೆ ಹೇಗೂ ಮರ ಬೆಳೆಯುವಂತಿಲ್ಲ, ಆ ಪಟ್ಟಿಯನ್ನೇ ಊರಿಗೆ ದಾರಿಯಾಗಿ ಬಿಟ್ಟರೆ ತಪ್ಪೇನು ಎಂದು ಪಂಚಾಯಿತಿಯವರು ಕೇಳಿದರೆ ಅದನ್ನು ಅನ್ಯಾಯವೆನ್ನಲಾಗದು.

ವಕೀಲರು: ಕೇಳುವುದು ಅನ್ಯಾಯವಲ್ಲ, ಕೇಳದೆ ಮಾಡುವುದು ಅನ್ಯಾಯ. ಒಂದು ಸಾರ್ವಜನಿಕ ಅಗತ್ಯಕ್ಕೆ ಭಾರ ಹೊತ್ತ ನೆಲದ ಮೇಲೆ ಎರಡನೆಯ ಭಾರವನ್ನು ಪುಕ್ಕಟೆಯಾಗಿ ಹೇರಿದಂತಾಗುತ್ತದೆ. ದಾರಿ ಬೇಕೆಂದರೆ ರೈತನು ಆ ಅಗಲದಷ್ಟು ನೆಲವನ್ನು ಪಂಚಾಯಿತಿಗೆ ನೋಂದಾಯಿತ ದಾನಪತ್ರದ ಮೂಲಕ ಕೊಡಬಹುದು, ಇಲ್ಲವೇ ಸರ್ಕಾರ ಬೆಲೆ ಕೊಟ್ಟು ಸ್ವಾಧೀನಪಡಿಸಿಕೊಳ್ಳಬಹುದು. ಅದಕ್ಕೂ ಮೊದಲು ನಕಾಶೆಯಲ್ಲಿರುವ ಬಂಡಿದಾರಿಗಳು ಏನಾದವು ಎಂದು ತಹಶೀಲ್ದಾರರನ್ನು ಕೇಳಬೇಕು. ಬ ಖರಾಬಿನ ದಾರಿಯನ್ನು ಪ್ರಭಾವಿಗಳು ಉತ್ತುಕೊಂಡಿರುವಾಗ ಅವರನ್ನು ತಡವದೆ, ತಂತಿಗೆ ಜಾಗ ಕೊಟ್ಟು ಈಗಾಗಲೇ ಸೋತವನ ಹೊಲದಲ್ಲಿ ದಾರಿ ಹುಡುಕುವುದು ಸುಲಭದ ಕೆಲಸ, ಸರಿಯಾದ ಕೆಲಸವಲ್ಲ.

ಬೆಳೆಗಾರರು: ಅಪಾಯದ ಮಾತೂ ಇದೆ. ತಂತಿಯ ಪಕ್ಕದ ಸಾಲಿನಲ್ಲಿ ಉಳಿದ ತೆಂಗಿನ ಕಾಯಿ ಕೆಡವಲು ಅಲ್ಯೂಮಿನಿಯಂ ದೋಟಿ ಎತ್ತಿದವನು ತಂತಿಗೆ ತಾಗಿಸಿದರೆ ಬದುಕುವುದಿಲ್ಲ. ತಂತಿಗೆ ಸಮಾನಾಂತರವಾಗಿ ಉದ್ದಕ್ಕೂ ಎಳೆದ ಮುಳ್ಳುತಂತಿಯ ಬೇಲಿಯನ್ನು ಮುಟ್ಟಿದರೂ ಜುಮ್ಮೆನ್ನುತ್ತದೆ.

ವಕೀಲರು: ಆ ಬೇಲಿಗೆ ಅಲ್ಲಲ್ಲಿ ಅರ್ಥಿಂಗ್ ಮಾಡಿಸಬೇಕು; ಹೈಟೆನ್ಷನ್ ತಂತಿ ತನ್ನ ಸುತ್ತಲಿನ ಲೋಹದಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ. ಸಾರ್ವಜನಿಕರ ಓಡಾಟಕ್ಕೆ ಆ ಪಟ್ಟಿಯನ್ನು ತೆರೆಯುವ ಮೊದಲು ಯೋಚಿಸಬೇಕಾದ ಸಂಗತಿಯೂ ಇದೇ: ಹುಲ್ಲಿನ ಹೊರೆಯನ್ನು ಎತ್ತರಕ್ಕೆ ಪೇರಿಸಿಕೊಂಡ ಲಾರಿ ತಂತಿ ಜೋತುಬಿದ್ದ ಕಡೆ ಹಾದರೆ ಹೊಣೆ ಯಾರದೆಂಬ ಪ್ರಶ್ನೆಯಲ್ಲಿ ಮಾಲೀಕನೂ ಸಿಕ್ಕಿಬೀಳುತ್ತಾನೆ.

ಬೆಳೆಗಾರರು: ಮುಂದೊಂದು ದಿನ ಮಗ ಅಲ್ಲಿಯೇ ಮನೆ ಕಟ್ಟಬೇಕೆಂದರೆ ಮಾರ್ಗವನ್ನು ಸರಿಸಲು ಕೇಳಬಹುದೇ?

ವಕೀಲರು: ಕೇಳಬಹುದು, ಇದು ಹೆಚ್ಚಿನವರಿಗೆ ತಿಳಿಯದ ಹಕ್ಕು. ಟೆಲಿಗ್ರಾಫ್ ಕಾಯ್ದೆಯ 17ನೆಯ ಕಲಂ ಪ್ರಕಾರ, ಮಾಲೀಕನು ತನ್ನ ಸ್ವತ್ತನ್ನು ಬೇರೆ ರೀತಿ ಬಳಸಲು ಬಯಸಿದಾಗ ತಂತಿಯನ್ನು ಅದೇ ಸ್ವತ್ತಿನ ಇನ್ನೊಂದು ಭಾಗಕ್ಕೆ ಸರಿಸಿರೆಂದೋ ಎತ್ತರಿಸಿರೆಂದೋ ಕೇಳಬಹುದು. ಹಿಂದೆ ಪರಿಹಾರ ಪಡೆದಿದ್ದರೆ ಸರಿಸುವ ಖರ್ಚು ಅಥವಾ ಪಡೆದ ಪರಿಹಾರದ ಅರ್ಧ, ಇವೆರಡರಲ್ಲಿ ಕಡಿಮೆಯಾದುದನ್ನು ಮುಂದಿಡಬೇಕು. ಸಂಸ್ಥೆ ಒಪ್ಪದಿದ್ದರೆ ಜಿಲ್ಲಾ ದಂಡಾಧಿಕಾರಿಯ ಬಳಿ ಹೋಗಬಹುದು. 220 ಕಿಲೋವೋಲ್ಟ್ ಗೋಪುರವನ್ನು ಸರಿಸುವುದು ಕಂಬ ಕಿತ್ತು ನೆಟ್ಟಷ್ಟು ಸುಲಭವಲ್ಲವಾದ್ದರಿಂದ ದೊಡ್ಡ ಮಾರ್ಗಗಳಲ್ಲಿ ಈ ಹಕ್ಕು ಕೈಗೂಡುವುದು ಕಷ್ಟ. ಸಣ್ಣ ಮಾರ್ಗಗಳಲ್ಲಿ ಪ್ರಯತ್ನಿಸಿ ನೋಡಬಹುದು.

ಬೆಳೆಗಾರರು: ಸರ್ವೆಯವರು ಬಂದ ದಿನವೇ ರೈತ ಮಾಡಬೇಕಾದ್ದೇನು?

ವಕೀಲರು: ಮರ ಕಡಿಯುವ ಮುನ್ನ ಮಹಜರು ಆಗಬೇಕು. ಪ್ರತಿ ಮರದ ಜಾತಿ, ವಯಸ್ಸು, ಫಸಲು ಅದರಲ್ಲಿ ನಮೂದಾಗಬೇಕು, ಅದರ ಒಂದು ಪ್ರತಿ ರೈತನ ಕೈಯಲ್ಲಿರಬೇಕು. ಆಮೇಲೆ ಬರಿಯ ಬೊಡ್ಡೆ ತೋರಿಸಿ ಫಲವತ್ತಾದ ಮರವಿತ್ತೆಂದು ಸಾಧಿಸುವುದು ಆಗದ ಮಾತು. ಚೆಕ್ಕನ್ನು ತೆಗೆದುಕೊಳ್ಳುವಾಗ ಆಕ್ಷೇಪಣೆಗೆ ಒಳಪಟ್ಟು ಪಡೆದಿದೆ ಎಂದು ಬರೆದೇ ಸಹಿ ಹಾಕಬೇಕು, ಆಗ ಜಿಲ್ಲಾ ನ್ಯಾಯಾಧೀಶರ ಮುಂದೆ ಹೆಚ್ಚಿನ ಪರಿಹಾರ ಕೇಳುವಾಗ ಒಪ್ಪಿ ಪಡೆದೆಯಲ್ಲ ಎಂಬ ವಾದ ಎದುರಾಗುವುದಿಲ್ಲ. ಹೊಲವನ್ನು ವಾರದಲ್ಲೋ ಗುತ್ತಿಗೆಯಲ್ಲೋ ಮಾಡುತ್ತಿರುವವನಿಗೂ ಪಾಲು ಸಲ್ಲಬೇಕು, ಕಾಯ್ದೆ ಹಿತಾಸಕ್ತಿಯುಳ್ಳ ಎಲ್ಲರನ್ನೂ ಹೆಸರಿಸಿದೆ.

ಬೆಳೆಗಾರರು: ಪಹಣಿಯಲ್ಲಿ ಇದೆಲ್ಲ ಎಲ್ಲಿಯೂ ಬರುವುದಿಲ್ಲವೇ? ಹತ್ತು ವರ್ಷದ ಮೇಲೆ ಆ ಜಮೀನು ಕೊಳ್ಳುವವನಿಗೆ ತಂತಿಯಾದರೂ ಕಾಣುತ್ತದೆ, ಕೊಳವೆ ಕಾಣುವುದಿಲ್ಲ.

ವಕೀಲರು: ಬರಬೇಕು. ಭೂಕಂದಾಯ ಕಾಯ್ದೆಯ 127ನೆಯ ಕಲಂ ಹಕ್ಕುದಾಖಲೆಯಲ್ಲಿ ಹಿತಾಸಕ್ತಿಯ ಸ್ವರೂಪವನ್ನೂ ಅದಕ್ಕಂಟಿದ ಷರತ್ತು, ಹೊಣೆಗಳನ್ನೂ ಬರೆಯಬೇಕೆನ್ನುತ್ತದೆ. ಪಹಣಿಯ 11ನೆಯ ಕಾಲಂ ಇರುವುದೇ ಹಕ್ಕು ಮತ್ತು ಋಣಗಳಿಗಾಗಿ. ಅಲ್ಲಿ ಯಾವ ಅಧಿಸೂಚನೆ ಅಥವಾ ಆದೇಶದ ಮೇರೆಗೆ, ಎಷ್ಟು ಮೀಟರ್ ಅಗಲ, ಯಾವ ಕೆಲಸಕ್ಕೆ ಎಂಬುದನ್ನು ನಮೂದಿಸಿ, ಬಳಕೆಯ ಹಕ್ಕು ಮಾತ್ರ, ಸಾರ್ವಜನಿಕ ದಾರಿಯಲ್ಲ ಎಂದು ಸೇರಿಸಿದರೆ ಕೊಳ್ಳುವವನಿಗೂ ತಿಳಿಯುತ್ತದೆ, ಗೇಟಿನ ಮುಂದೆ ವಾದಿಸುವವನಿಗೂ ತೋರಿಸಬಹುದು.

ಬೆಳೆಗಾರರು: ಹಾಗೆ ನಮೂದಿಸಿರೆಂದು ಅರ್ಜಿ ಕೊಡುವ ಕೆಲಸ ರೈತನದಾಗಬಾರದು. ನೆಲದ ಮೇಲೆ ಹಕ್ಕು ಪಡೆದವರು ಸಂಸ್ಥೆಯವರು. ಪರಿಹಾರದ ಹಣ ಕೊಟ್ಟ ದಿನವೇ ತಹಶೀಲ್ದಾರರ ಕಚೇರಿಗೆ ನಕಾಶೆ ಸಮೇತ ಪತ್ರ ಕಳಿಸುವ ಹೊಣೆಯೂ ಅವರದೇ ಆಗಬೇಕು.